ಬಗ್ಗಿಸಿದ ತಗಡು ಹಿಂದಕ್ಕೆ ಬಂದರೆ ಅದು ಕಳಪೆ ಮಾಲೇ?

ಬಗ್ಗಿಸಿದ ತಗಡು ಬಗ್ಗಿದಲ್ಲೇ ನಿಂತರೆ ಅಸಲಿ, ಕೈಬಿಟ್ಟ ಕೂಡಲೇ ಸ್ವಲ್ಪ ಹಿಂದಕ್ಕೆ ಬಂದರೆ ಕಳಪೆ ಎಂದು ಹಲವರು ನಂಬುತ್ತಾರೆ. ಇದು ನಿಜವೇ? ನೋಡೋಣ.

ಉತ್ತರ: ಇದು ತಪ್ಪು. ಹೀಗೆ ಹಿಂದಕ್ಕೆ ಬರುವುದನ್ನು ‘ಸ್ಪ್ರಿಂಗ್‌ಬ್ಯಾಕ್’ ಎನ್ನುತ್ತಾರೆ. ಇದು ಎಲ್ಲ ಲೋಹಗಳಲ್ಲೂ ಇರುತ್ತದೆ.

ಹೀಗೇಕೆ ಆಗುತ್ತದೆ?

ತಗಡನ್ನು ಬಗ್ಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಈ ಬದಲಾವಣೆಯಲ್ಲಿ ಒಂದು ಪಾಲು ಶಾಶ್ವತ, ಇನ್ನೊಂದು ಪಾಲು ರಬ್ಬರಿನಂತೆ ತಾತ್ಕಾಲಿಕ. ಒತ್ತಡ ತೆಗೆದಾಗ ತಾತ್ಕಾಲಿಕ ಪಾಲು ಹಿಂದಕ್ಕೆ ಬರುತ್ತದೆ. ಲೋಹ ಎಷ್ಟು ಬಲವಾಗಿದೆಯೋ ಅಷ್ಟು ಹೆಚ್ಚು ಸ್ಪ್ರಿಂಗ್‌ಬ್ಯಾಕ್. ಎಷ್ಟು ಬಿಗಿಯಾಗಿದೆಯೋ ಅಷ್ಟು ಕಡಿಮೆ.

ಯಾವ ಲೋಹ ಹೇಗೆ?

• ಮೈಲ್ಡ್ ಸ್ಟೀಲ್: ಬಿಗಿತ ಸುಮಾರು 200 ಗಿಗಾಪಾಸ್ಕಲ್, ಬಲ ಸಾಧಾರಣ. ಹಾಗಾಗಿ ಸ್ಪ್ರಿಂಗ್‌ಬ್ಯಾಕ್ ಕಡಿಮೆ.

• ಅಲ್ಯೂಮಿನಿಯಂ: ಬಿಗಿತ ಸುಮಾರು 70 ಗಿಗಾಪಾಸ್ಕಲ್ ಮಾತ್ರ. 6061-ಟಿ6 ಎಂಬ ಬಗೆಯ ಬಲ ಮೈಲ್ಡ್ ಸ್ಟೀಲಿಗೆ ಹತ್ತಿರವಿದ್ದರೂ ತಾತ್ಕಾಲಿಕ ಪಾಲು ಸುಮಾರು ಮೂರು ಪಟ್ಟು. ಆದರೆ ಕಾಯಿಸಿ ಮೆದುಗೊಳಿಸಿದ ಶುದ್ಧ ಅಲ್ಯೂಮಿನಿಯಂ ಬಗ್ಗಿದಲ್ಲೇ ನಿಲ್ಲುತ್ತದೆ ಎನ್ನಬಹುದು.

• 304 ಸ್ಟೇನ್‌ಲೆಸ್ ಸ್ಟೀಲ್: ಬಗ್ಗಿಸುತ್ತಿದ್ದಂತೆಯೇ ಗಟ್ಟಿಯಾಗುತ್ತದೆ. ಅದಕ್ಕೇ ಮೈಲ್ಡ್ ಸ್ಟೀಲಿಗಿಂತ ಹೆಚ್ಚು ಹಿಂದಕ್ಕೆ ಬರುತ್ತದೆ.

• ಕಾರುಗಳ ಹೈ-ಸ್ಟ್ರೆಂತ್ ಸ್ಟೀಲ್: ಬಿಗಿತ ಅಷ್ಟೇ, ಬಲ ಹಲವು ಪಟ್ಟು. ಆದ್ದರಿಂದ ಸ್ಪ್ರಿಂಗ್‌ಬ್ಯಾಕ್ ಬಹಳ. ಇದೇ ಕಾರಣಕ್ಕೆ ಬೋರಾನ್ ಸ್ಟೀಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅಚ್ಚಿನಲ್ಲೇ ಒತ್ತಿ ತಣಿಸುತ್ತಾರೆ.

ಅದೇ ಲೋಹದಲ್ಲೂ ತಗಡು ತೆಳುವಾಗಿದ್ದರೆ ಅಥವಾ ತಿರುವು ಅಗಲವಾಗಿದ್ದರೆ ಸ್ಪ್ರಿಂಗ್‌ಬ್ಯಾಕ್ ಹೆಚ್ಚು.

ತಪ್ಪು ತಿಳಿದರೆ ನಷ್ಟವೇನು?

ಮೈಲ್ಡ್ ಸ್ಟೀಲಿಗೆ ಹೊಂದಿಸಿದ ಯಂತ್ರದಲ್ಲೇ ಅಲ್ಯೂಮಿನಿಯಂ ಬಗ್ಗಿಸಿದರೆ ಕೋನ ಸರಿಬರುವುದಿಲ್ಲ. ಅದನ್ನು ಸುತ್ತಿಗೆಯಿಂದ ಹೊಡೆದು ಸರಿಪಡಿಸಲು ಹೋದರೆ ಗಟ್ಟಿ ಅಲ್ಯೂಮಿನಿಯಂ ತಿರುವಿನಲ್ಲಿ ಬಿರುಕು ಬಿಡಬಹುದು. ಬಲ್ಲ ಕೆಲಸಗಾರರು ಮೊದಲು ಅದೇ ತಗಡಿನ ತುಂಡಿನಲ್ಲಿ ಪರೀಕ್ಷಿಸಿ, ಬೇಕಾದ್ದಕ್ಕಿಂತ ಕೆಲವು ಡಿಗ್ರಿ ಹೆಚ್ಚು ಬಗ್ಗಿಸುತ್ತಾರೆ. ಅಪಘಾತವಾದ ಕಾರಿನ ಬೋರಾನ್ ಸ್ಟೀಲ್ ಭಾಗವನ್ನು ಗ್ಯಾಸ್‌ನಲ್ಲಿ ಕಾಯಿಸಿ ನೆಟ್ಟಗೆ ಮಾಡುವುದು ಇನ್ನೂ ಅಪಾಯ. ಆಕಾರ ಸರಿಯಾದಂತೆ ಕಂಡರೂ ಬಲ ಹೋಗಿರುತ್ತದೆ. ಮುಂದಿನ ಡಿಕ್ಕಿಯಲ್ಲಿ ಅದು ಒಳಗಿರುವವರನ್ನು ಕಾಪಾಡದಿರಬಹುದು.

ಕೊನೆಯ ಮಾತು

ಹಿಂದಕ್ಕೆ ಬರುವುದು ಲೋಹದ ಗುಣವೇ ಹೊರತು ದೋಷವಲ್ಲ. ಗುಣಮಟ್ಟ ತಿಳಿಯಲು ತಗಡನ್ನು ಬಗ್ಗಿಸಿ ನೋಡಬೇಡಿ, ಅದರ ಗ್ರೇಡ್ ಮತ್ತು ಟೆಸ್ಟ್ ಸರ್ಟಿಫಿಕೇಟ್ ಕೇಳಿ. ‘ಬಗ್ಗಿದಲ್ಲೇ ನಿಂತರೆ ಅಸಲಿ’ ಎಂಬ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ.