48 ಎಂ ಹಾಳೆಯ ನಾಲ್ಕು ಊರುಗಳು: ಮರುಮುದ್ರಿತ ನಕ್ಷೆಗಳ ಕಾಲನಿರ್ಣಯ ಕುರಿತು

1. ವ್ಯಾಪ್ತಿ
ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿಗಳ ಸರ್ವೆ ಆಫ್ ಇಂಡಿಯಾ ನಕ್ಷೆಗಳ ಮರುಮುದ್ರಣವನ್ನು ಆಕರವಾಗಿ ಬಳಸುವಾಗ ಅದನ್ನು ಯಾವ ವರ್ಷಕ್ಕೆ ಸೇರಿಸಬೇಕು ಎಂಬುದಷ್ಟೇ ಇಲ್ಲಿಯ ವಿಚಾರ.

2. ಹಾಳೆಗಳ ಹಂಚಿಕೆ
48 ಎಂ ಎಂಬುದು 15°–16° ಉತ್ತರ ಅಕ್ಷಾಂಶ, 75°–76° ಪೂರ್ವ ರೇಖಾಂಶಗಳ ನಡುವಿನ ಪ್ರದೇಶ. ಒಂದಿಂಚಿಗೆ ಒಂದು ಮೈಲಿಯ ಪ್ರಮಾಣದಲ್ಲಿ ಇದು 16 ಹಾಳೆಗಳಾಗುತ್ತದೆ. ಗದಗ-ಬೆಟಗೇರಿ ಎಂ/11ರಲ್ಲಿ, ಲಕ್ಷ್ಮೇಶ್ವರ ಎಂ/8ರಲ್ಲಿ, ಶಿರಹಟ್ಟಿ ಎಂ/12ರಲ್ಲಿ, ಮುಂಡರಗಿ ಎಂ/16ರಲ್ಲಿ ಬರುತ್ತವೆ. ಲಕ್ಷ್ಮೇಶ್ವರವು ಸುಮಾರು 75°28′ ರೇಖಾಂಶದಲ್ಲಿರುವುದರಿಂದ ಅದರ ಪೂರ್ವದ ಹೊಲಗಳು ಎಂ/12ಕ್ಕೆ ಸರಿಯುತ್ತವೆ. ಸುಮಾರು 15°14′ ಅಕ್ಷಾಂಶದ ಶಿರಹಟ್ಟಿಯ ಉತ್ತರದ ನೆಲ ಎಂ/11ರಲ್ಲಿದೆ. ಅಂಚುಗಳು ಕೂಡಿಕೊಂಡ ಮಾತ್ರಕ್ಕೆ ಎರಡು ಹಾಳೆಗಳು ಒಂದೇ ಕಾಲದವು ಎನ್ನಲಾಗದು. ಈ ಸಂಖ್ಯಾಪದ್ಧತಿ 1905ರ ನಂತರದ್ದು. ಹಾಗಾಗಿ 48 ಎಂ ಗುರುತುಳ್ಳ ಮುದ್ರಣ 19ನೇ ಶತಮಾನದ್ದಾಗಿರಲಾರದು. ಅದರೊಳಗಿನ ಕೆಲವು ವಿವರಗಳು ಮಾತ್ರ ಹಿಂದಿನ ಮೋಜಣಿಯವು ಇರಬಹುದು.

3. ಗಡಿಗಳ ಸಾಕ್ಷ್ಯ
ಗದಗ, ಮುಂಡರಗಿಗಳು ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರವು ಮಿರಜ ಹಿರಿಯ ಶಾಖೆಯ ಸಂಸ್ಥಾನಕ್ಕೆ, ಶಿರಹಟ್ಟಿಯು ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದವು. ಈ ದಖನ್ ಸಂಸ್ಥಾನಗಳು 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಧಾರವಾಡ ಜಿಲ್ಲೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ಗದಗ ಜಿಲ್ಲೆ 1997ರಲ್ಲಿ ರಚನೆಯಾಯಿತು.

ಇವು ಆಡಳಿತ ಗಡಿಯನ್ನು ತಿದ್ದಿದ ಕಾಲದ ಮಿತಿಗಳನ್ನು ಕೊಡುತ್ತವೆ, ಮೋಜಣಿಯ ಕಾಲವನ್ನಲ್ಲ. ಬಣ್ಣದ ಹಾಳೆಗಳಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಅಚ್ಚು ಇರುವುದರಿಂದ, ಕೆರೆ, ಹಳ್ಳ, ಸಮೋನ್ನತಿ ರೇಖೆಗಳನ್ನು ಮುಟ್ಟದೆ ಗಡಿಯನ್ನಷ್ಟೇ ತಿದ್ದುವುದು ಸಾಧ್ಯ. ಸಂಸ್ಥಾನದ ಗಡಿ ಇಲ್ಲದ ಹಾಳೆಯಲ್ಲಿ ಊರಿನ ವಿಸ್ತಾರ 1948ಕ್ಕಿಂತ ಹಿಂದಿನದೇ ಇರಬಹುದು.

4. ಅಳತೆಯ ಪರೀಕ್ಷೆ
ಮರುಮುದ್ರಣವನ್ನು ಕುಗ್ಗಿಸಿದ್ದರೂ 1:63,360 ಎಂಬ ಅಂಕಿ ಬದಲಾಗದೆ ಉಳಿಯುತ್ತದೆ. ಅಳತೆಪಟ್ಟಿ ಮಾತ್ರ ನಕ್ಷೆಯೊಂದಿಗೆ ಕುಗ್ಗುತ್ತದೆ. ಹಾಗಾಗಿ ಪಟ್ಟಿಯೇ ಹೆಚ್ಚು ನಂಬಲರ್ಹ. ಇಲ್ಲಿಯ ಅಕ್ಷಾಂಶದಲ್ಲಿ 15 ನಿಮಿಷದ ಉತ್ತರ-ದಕ್ಷಿಣ ಅಂತರ ಸುಮಾರು 27.7 ಕಿ.ಮೀ. ಮೂಲ ಗಾತ್ರದ ಹಾಳೆಯ ಚೌಕಟ್ಟು ಈ ದಿಕ್ಕಿನಲ್ಲಿ ಸುಮಾರು 43.7 ಸೆಂ.ಮೀ. ಇರಬೇಕು, 1:50,000 ಆವೃತ್ತಿಯಲ್ಲಿ 55.3 ಸೆಂ.ಮೀ. ಕಾಗದದ ಹಿಗ್ಗು-ಕುಗ್ಗಿಗೆ ತುಸು ವ್ಯತ್ಯಾಸ ಒಪ್ಪಬಹುದು.

ಹಳೆಯ ಹಾಳೆಗಳು ಎವರೆಸ್ಟ್ ಗೋಲಾಭವನ್ನು ಆಧರಿಸಿವೆ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರದ ಮುಕ್ತ ಸರಣಿಯವು ಡಬ್ಲ್ಯೂಜಿಎಸ್-84 ಎಂಬ ಬೇರೆ ಆಧಾರಮಾನವನ್ನು ಅನುಸರಿಸುತ್ತವೆ. ಪರಿವರ್ತಿಸದೆ ಒಂದರ ಮೇಲೊಂದಿಟ್ಟಾಗ ಕಾಣುವ ಸ್ಥಾನಪಲ್ಲಟವನ್ನು ನೆಲದ ಬದಲಾವಣೆ ಎಂದು ಓದಬಾರದು.

5. ಗ್ರಾಮ ನಕ್ಷೆಗಳು
ಪೇಟೆ, ಓಣಿಗಳ ವಿವರಕ್ಕೆ ಒಂದಿಂಚಿನ ಹಾಳೆ ಸಾಲದು: ಅಲ್ಲಿ 1 ಮಿ.ಮೀ. ಎಂದರೆ ಸುಮಾರು 63 ಮೀಟರ್. 1:7,920ರ ಗ್ರಾಮ ನಕ್ಷೆಯಲ್ಲಿ ಅದು ಸುಮಾರು 8 ಮೀಟರ್. ಈ ಪ್ರಮಾಣ 33 ಅಡಿಯ ಸರಪಳಿಯ ಲೆಕ್ಕದ್ದು. 20 ಸರಪಳಿಗೆ ಒಂದಿಂಚು, ಒಂದು ಚದರ ಸರಪಳಿಗೆ ಒಂದು ಗುಂಟೆ. ಆದರೆ ಗ್ರಾಮ ನಕ್ಷೆಗಳ ವಿಷಯದಲ್ಲಿ ಧಾರವಾಡ ಜಿಲ್ಲೆಯ ಊರುಗಳ ದಾಖಲೆಕ್ರಮವನ್ನೇ ಸಂಸ್ಥಾನದ ಊರುಗಳಿಗೂ ಊಹಿಸುವುದು ಸರಿಯಲ್ಲ.

6. ಸಲಹೆ
ಗ್ರಂಥಾಲಯಗಳ ಸೂಚಿಯಲ್ಲಿ ಇಂಥ ಹಾಳೆಗಳಿಗೆ ಮೋಜಣಿ, ಆವೃತ್ತಿ, ಮುದ್ರಣ ಎಂಬ ಮೂರು ವರ್ಷಗಳನ್ನೂ ಚೌಕಟ್ಟಿನ ಅಳೆದ ಉದ್ದವನ್ನೂ ಪ್ರತ್ಯೇಕವಾಗಿ ನಮೂದಿಸಬೇಕು. ಮುದ್ರಣದ ವರ್ಷವೊಂದೇ ಗೊತ್ತಿದ್ದರೆ ಆ ಹಾಳೆಯನ್ನು ಊರಿನ ಬೆಳವಣಿಗೆಗೆ ಸಾಕ್ಷಿಯಾಗಿ ಬಳಸದಿರುವುದು ಉಚಿತ.