ಸೋಂಪು, ಸಬ್ಬಸಿಗೆ ಮತ್ತು ಅದಲುಬದಲಾದ ಹೆಸರುಗಳು

ಪುಣೆಯ ಕಿರಾಣಿ ಅಂಗಡಿಗಳಲ್ಲಿ ಎರಡು ಶೇಪಗಳಿವೆ. ಬಡಿಶೇಪ ಎಂದರೆ ಊಟದ ಮೇಲೆ ಜಗಿಯುವ ನಮ್ಮ ಸೋಂಪು, ಉತ್ತರ ಕರ್ನಾಟಕದವರ ಬಡೇಸೋಪು. ಬಾಳಂತಶೇಪ ಎಂದರೆ ಸಬ್ಬಸಿಗೆ ಬೀಜ. ಬಾಣಂತಿಗೆ ಕೊಡುವುದರಿಂದ ಆ ಹೆಸರು. ಎರಡೂ ಕೊತ್ತಂಬರಿ, ಜೀರಿಗೆ, ಓಂಕಾಳುಗಳ ಕುಟುಂಬಕ್ಕೇ ಸೇರಿದವು. ಆದರೆ ಒಳಗಿನ ಎಣ್ಣೆ ಬೇರೆ ಬೇರೆ.

ಈ ಹೆಸರುಗಳ ಗೋಜಲು ಬಹಳ ಹಳೆಯದು. ಸಂಸ್ಕೃತದ ‘ಶತಪುಷ್ಪಾ’ವನ್ನು ವೈದ್ಯರು ಸಾಮಾನ್ಯವಾಗಿ ಸಬ್ಬಸಿಗೆ ಎಂದೇ ಗುರುತಿಸುತ್ತಾರೆ. ತಾಯಿ-ಮಕ್ಕಳ ಚಿಕಿತ್ಸೆಗೆ ಮೀಸಲಾದ ಕಾಶ್ಯಪ ಸಂಹಿತೆಯಲ್ಲಿ ಶತಪುಷ್ಪಾ ಮತ್ತು ಶತಾವರಿಗಳಿಗೆ ಒಂದು ಅಧ್ಯಾಯವೇ ಇದೆ. ಅದೇ ಪದ ಸವೆದು ಹಿಂದಿಯಲ್ಲಿ ‘ಸೌಂಫ್’ ಆಯಿತು, ಅರ್ಥ ಮಾತ್ರ ಸೋಂಪಿಗೆ ಜಾರಿತು.

ಯುರೋಪಿನವರೂ ಇದರಲ್ಲಿ ಹಿಂದೆ ಬೀಳಲಿಲ್ಲ. 1753ರಲ್ಲಿ ಲಿನೇಯಸ್ ಸೋಂಪನ್ನೂ ಸಬ್ಬಸಿಗೆಯನ್ನೂ ‘ಅನೇಥಮ್’ ಎಂಬ ಒಂದೇ ಕುಲಕ್ಕೆ ಸೇರಿಸಿದ. 1768ರಲ್ಲಿ ಲಂಡನ್ನಿನ ಚೆಲ್ಸಿ ಔಷಧಿ ತೋಟದ ಫಿಲಿಪ್ ಮಿಲ್ಲರ್ ಸೋಂಪಿಗೆ ‘ಫೀನಿಕ್ಯುಲಮ್ ವಲ್ಗೇರ್’ ಎಂಬ ಈಗಿನ ಹೆಸರು ಕೊಟ್ಟ. ಅಷ್ಟರಿಂದಲೂ ಗೊಂದಲ ಮುಗಿಯಲಿಲ್ಲ. ಸೋಂಪಿನ ಸಿಹಿ ಪರಿಮಳಕ್ಕೆ ಕಾರಣವಾದ ರಾಸಾಯನಿಕದ ಹೆಸರು ಅನೆಥೋಲ್. ಸಿಹಿ ಸೋಂಪಿನ ಎಣ್ಣೆಯಲ್ಲಿ ಅದರ ಪಾಲು ಸುಮಾರು ಶೇ. 80ಕ್ಕೂ ಹೆಚ್ಚು. ಹೆಸರಿನಲ್ಲಿ ಅನೇಥಮ್, ಅಂದರೆ ಸಬ್ಬಸಿಗೆ, ಕೂತಿದೆ; ಆದರೆ ಸಬ್ಬಸಿಗೆ ಎಣ್ಣೆಯಲ್ಲಿ ಮುಖ್ಯವಾಗಿರುವುದು ಕಾರ್ವೋನ್ ಮತ್ತು ಲಿಮೋನೀನ್! ಸಾಫ್ಟ್‌ವೇರ್ ಕೆಲಸದವಳಾದ ನನಗೆ ಇದು ಚೆನ್ನಾಗಿ ಗೊತ್ತಿರುವ ತಲೆನೋವು: ಎರಡು ವಸ್ತುಗಳಿಗೆ ಒಂದೇ ಹೆಸರಿಟ್ಟರೆ ಇವತ್ತಲ್ಲ ನಾಳೆ ಎಡವಟ್ಟು ತಪ್ಪಿದ್ದಲ್ಲ.

ಎಡವಟ್ಟು ಆಗುವುದು ಮಕ್ಕಳ ವಿಷಯದಲ್ಲಿ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ತಯಾರಿಸಿದ ಗ್ರೈಪ್ ವಾಟರ್‌ನಲ್ಲಿ ಇದ್ದದ್ದು ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆ, ನೀರು, ಜೊತೆಗೆ ಮದ್ಯಸಾರ. ಅಳುವ ಮಗು ಸುಮ್ಮನಾಗುತ್ತಿದ್ದುದರಲ್ಲಿ ಸಬ್ಬಸಿಗೆಯ ಪಾಲೆಷ್ಟು, ಸಕ್ಕರೆ ಮತ್ತು ಮದ್ಯದ ಪಾಲೆಷ್ಟು ಎಂದು ನೀವೇ ಊಹಿಸಿ. ಈಗಿನ ಬಾಟಲಿಗಳಲ್ಲಿ ಸಾಮಾನ್ಯವಾಗಿ ಮದ್ಯಸಾರ ಇರುವುದಿಲ್ಲ.

ಮೂರನೆಯ ಪಾತ್ರಧಾರಿ ಪಲಾವಿಗೆ ಹಾಕುವ ಚಕ್ರಮೊಗ್ಗು. ಸಸ್ಯಶಾಸ್ತ್ರದ ಪ್ರಕಾರ ಸೋಂಪಿಗೂ ಇದಕ್ಕೂ ನೆಂಟಸ್ತನವೇ ಇಲ್ಲ. ಆದರೆ ಒಳಗೆ ಅದೇ ಅನೆಥೋಲ್ ಇರುವುದರಿಂದ ವಾಸನೆ ಒಂದೇ. ಚೀನಾದ ಚಕ್ರಮೊಗ್ಗಿನ ಜೊತೆ ಥೇಟ್ ಅದರಂತೆಯೇ ಕಾಣುವ ಜಪಾನಿನ ವಿಷಕಾರಿ ಜಾತಿ ಬೆರೆತರೆ ಅಪಾಯ. ಅದರಲ್ಲಿರುವ ಅನಿಸಾಟಿನ್ ಫಿಟ್ಸ್ ತರಿಸಬಲ್ಲದು. ಚಕ್ರಮೊಗ್ಗಿನ ಕಷಾಯ ಕುಡಿದ ಹಸುಗೂಸುಗಳೂ ಸೇರಿ ಹಲವರು ಅಸ್ವಸ್ಥರಾದ ಮೇಲೆ, 2003ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಂಥ ಕಷಾಯ ಕುಡಿಯಬೇಡಿ ಎಂದು ಎಚ್ಚರಿಸಿತು.

ಹಾಗಾದರೆ ಸೋಂಪು? ಅದರ ಎಣ್ಣೆ ಕರುಳಿನ ಸ್ನಾಯುಗಳ ಬಿಗಿತ ಸಡಿಲಿಸುತ್ತದೆ ಎಂಬುದಕ್ಕೆ ಪ್ರಯೋಗಾಲಯದ ಆಧಾರವಿದೆ. ಅಜ್ಜಿಯರ ಮಾತು ಸುಳ್ಳಲ್ಲ. ಬಾಣಂತಿಗೆ ಹಾಲು ಹೆಚ್ಚುತ್ತದೆ ಎಂಬುದಕ್ಕೆ ಮಾತ್ರ ಗಟ್ಟಿ ಪುರಾವೆ ಸಾಲದು. ಸೋಂಪಿನಲ್ಲಿ ಅಲ್ಪ ಪ್ರಮಾಣದ ಎಸ್ಟ್ರಾಗೋಲ್ ಕೂಡ ಇದೆ. ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಇಲಿಗಳ ಯಕೃತ್ತಿನಲ್ಲಿ ಗಡ್ಡೆಗಳು ಕಂಡಿವೆ. ಯುರೋಪಿನ ಔಷಧ ಸಂಸ್ಥೆ ಔಷಧಿಯಾಗಿ ಸೋಂಪಿನ ಕಷಾಯವನ್ನು 4 ವರ್ಷದೊಳಗಿನವರಿಗೆ ಶಿಫಾರಸು ಮಾಡುವುದಿಲ್ಲ. ಊಟದ ಮೇಲೆ ಒಂದು ಚಿಟಿಕೆ ಜಗಿಯುವ ದೊಡ್ಡವರು ಹೆದರಬೇಕಿಲ್ಲ. ಹಸುಗೂಸಿನ ಮಾತು ಬೇರೆ: ಮೊದಲ 6 ತಿಂಗಳು ತಾಯಿಯ ಹಾಲಲ್ಲದೆ ನೀರೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ‘ಬೇಡ’ದಲ್ಲಿ ಸೋಂಪಿನ ನೀರೂ ಬಂತು, ಗ್ರೈಪ್ ವಾಟರೂ ಬಂತು.