ಕೆಸರಿಗೆ ಕಸುವು ತುಂಬಿದ ಕಥೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಸಿವಿಲ್ ಇಂಜಿನಿಯರುಗಳಾದವರು ಅನೇಕರಿದ್ದಾರೆ. ಅವರಿಗೆ ಇದು ತಿಳಿದ ವಿಷಯವೇ ಇರಬಹುದು; ಉಳಿದವರಿಗಾಗಿ ಬರೆಯುತ್ತಿದ್ದೇನೆ.

ಗಟ್ಟಿ ನೆಲ ಸಿಗುವವರೆಗೆ ಅಗೆದು ಪಾಯ ಹಾಕುವುದು ನಮ್ಮ ಹಿರಿಯರ ಕ್ರಮ. ಆದರೆ ಕಡಲಂಚಿನ ಜೇಡಿಯಲ್ಲಿ ಹತ್ತಿಪ್ಪತ್ತು ಮೀಟರು ಇಳಿದರೂ ಗಟ್ಟಿ ನೆಲ ಸಿಗದಿರಬಹುದು. ಅಂಥ ಕೆಸರಿನ ಮೇಲೆ ಏರಿ ಹಾಕಿದರೆ ಅದು ಕುಸಿಯುತ್ತದೆ, ಇಲ್ಲವೇ ಪಕ್ಕಕ್ಕೆ ಜಾರುತ್ತದೆ. ಕೆಸರನ್ನು ತೆಗೆದುಹಾಕುವ ಬದಲು ಇದ್ದಲ್ಲಿಯೇ ಗಟ್ಟಿ ಮಾಡಲಾಗದೇ? 1967ರ ಸುಮಾರಿಗೆ ಸ್ವೀಡನ್ನಿನಲ್ಲಿಯೂ ಜಪಾನಿನಲ್ಲಿಯೂ ಈ ಪ್ರಯತ್ನ ಸ್ವತಂತ್ರವಾಗಿ ಆರಂಭವಾಯಿತು. ಎರಡೂ ಕಡೆ ಮೊದಲು ಬಳಸಿದ್ದು ಸುಣ್ಣವನ್ನು. ಉದ್ದನೆಯ ದಂಡದ ತುದಿಗೆ ಅಲಗುಗಳನ್ನು ಜೋಡಿಸಿ, ತಿರುಗಿಸುತ್ತ ನೆಲದೊಳಕ್ಕೆ ಇಳಿಸಿ, ಸುಣ್ಣವನ್ನು ಜೇಡಿಯೊಡನೆ ಕಲಸುವ ವಿಧಾನವದು. (ಮುದ್ದೆ ತಿರುವುವ ಕೋಲನ್ನು ನೆನೆದುಕೊಳ್ಳಿ!) ಕಲಸಿದ ಭಾಗ ಕ್ರಮೇಣ ಕಂಬದಂತೆ ಬಿಗಿಯುತ್ತದೆ.

ನಾವು ಹೆಮ್ಮೆಪಡಬೇಕಾದ ಸಂಗತಿ ಮುಂದಿದೆ. 1975ರಲ್ಲಿ ಮಣ್ಣಿನ ಯಂತ್ರಶಾಸ್ತ್ರದ ಐದನೆಯ ಏಷ್ಯಾ ಪ್ರಾದೇಶಿಕ ಸಮ್ಮೇಳನ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಸ್ವೀಡನ್ನಿನ ಬ್ರಾಮ್ಸ್ ಮತ್ತು ಬೋಮನ್ ಅವರ ಪ್ರಬಂಧವೂ ಜಪಾನಿನ ಒಕುಮುರಾ ಮತ್ತು ತೆರಾಶಿ ಅವರ ಪ್ರಬಂಧವೂ ಅದೇ ಸಮ್ಮೇಳನಕ್ಕೆ ಬಂದವು. ಅಲ್ಲಿಂದಾಚೆಗೆ ಎರಡು ದೇಶಗಳ ನಡುವೆ ಅಷ್ಟಿಷ್ಟು ವಿಚಾರವಿನಿಮಯ ತೊಡಗಿತು. ಬೆಂಗಳೂರಿನ ಇತಿಹಾಸ ಬರೆಯುವವರು ಕೆಂಪೇಗೌಡರ ಗೋಪುರಗಳನ್ನು ಮರೆಯುವುದಿಲ್ಲ. ಈ ಸಂಗತಿಗೂ ಒಂದು ಸಾಲು ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ.

ಸುಣ್ಣದ ಸ್ಥಾನಕ್ಕೆ ಸಿಮೆಂಟು ಬಂದದ್ದೇಕೆ? ಸುಣ್ಣವು ಬಿಗಿಯಲು ಜೇಡಿಯಲ್ಲಿರುವ ಸಿಲಿಕಾ ಮತ್ತು ಅಲ್ಯುಮಿನಾಗಳನ್ನು ಅವಲಂಬಿಸುತ್ತದೆ. ಅದು ನಿಧಾನದ ಕ್ರಿಯೆ. ಸಿಮೆಂಟಾದರೋ ನೀರಿನೊಡನೆ ಸೇರಿ ತಾನೇ ಗಟ್ಟಿಯಾಗುತ್ತದೆ. ಆಗ ಹುಟ್ಟುವ ಕ್ಯಾಲ್ಸಿಯಂ ಹೈಡ್ರಾಕ್ಸೈಡು ಅನಂತರ ಜೇಡಿಯನ್ನೂ ಬಂಧಿಸುತ್ತದೆ. ನೀರಿನಲ್ಲಿ ಕದಡಿದ ಸಿಮೆಂಟನ್ನು ದಂಡದ ಮೂಲಕವೇ ಹರಿಸುವ ಕ್ರಮ 1977ರ ಹೊತ್ತಿಗೆ ಜಪಾನಿನಲ್ಲಿ ಬಳಕೆಗೆ ಬಂದಿತ್ತು. 1997ರಲ್ಲಿ ತೆರೆದ ಟೋಕಿಯೋ ಕೊಲ್ಲಿಯ ಹೆದ್ದಾರಿಗೂ ಇದರ ನೆರವಿತ್ತು.

2005ರಲ್ಲಿ ಕತ್ರಿನಾ ಚಂಡಮಾರುತ ಬೀಸಿದಾಗ ಅಮೆರಿಕದ ನ್ಯೂ ಆರ್ಲಿಯನ್ಸಿನ ಒಡ್ಡುಗಳು ಒಡೆದು ಊರಿನ ಬಹುಭಾಗ ಮುಳುಗಿತು; ಆ ಚಂಡಮಾರುತಕ್ಕೆ ಸಾವಿರಕ್ಕೂ ಮಿಕ್ಕಿ ಜನ ಬಲಿಯಾದರು. ಮುಂದಿನ ವರ್ಷಗಳಲ್ಲಿ ನಗರದ ಪೂರ್ವಕ್ಕೆ ಸುಮಾರು 8 ಕಿಲೋಮೀಟರು ಒಡ್ಡನ್ನು ಎತ್ತರಿಸುವಾಗ, ಅದರಡಿಯ ಮೆದುಮಣ್ಣನ್ನು ಹೀಗೆಯೇ ಸಿಮೆಂಟು ಬೆರೆಸಿ ಬಲಪಡಿಸಿದರು.

ನೆಲದೊಳಗಿನ ಕಂಬ ಸರಿಯಾಗಿ ಕಲಸಿದೆಯೇ ಎಂಬುದು ಕಣ್ಣಿಗೆ ಕಾಣದು. ಆದ್ದರಿಂದ ಸಾಮಾನ್ಯವಾಗಿ 28 ದಿನಗಳ ಬಳಿಕ ಕಂಬವನ್ನು ಕೊರೆದು ತಿರುಳು ತೆಗೆದು, ಯಂತ್ರದಲ್ಲಿ ಒತ್ತಿ ಪರೀಕ್ಷಿಸುತ್ತಾರೆ.